ರಾಜ್ಯೋತ್ಸವದ ದಿನವೇ ಅಲ್ಪಸಂಖ್ಯಾತರಾದವರು

ಮೆಹದಿಪಟ್ಟಣಂ: ಇಲ್ಲಿಂದ ಲಂಗರ್‌ಹೌಸ್ ದಾಟಿ ಪಶ್ಚಿಮಕ್ಕೆ ಸಾಗುವ ರಸ್ತೆಯನ್ನು ಜನ ಇಂದಿಗೂ ಬಿಜಾಪುರ ರಸ್ತೆ ಎಂದೇ ಕರೆಯುತ್ತಾರೆ. ಚೇವೆಳ್ಳ, ಪರಿಗಿ ಕಳೆದ ಮೇಲೆ ಕೊಡಂಗಲ್ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ತಾಂಡೂರು. 1956ರ ಅಕ್ಟೋಬರ್ 31ರವರೆಗೆ ಇವೆರಡೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಮರುದಿನ ಬೆಳಗಾಗುವಷ್ಟರಲ್ಲಿ ಆಂಧ್ರಪ್ರದೇಶಕ್ಕೆ ಸೇರಿದ್ದವು. ಮನೆ, ಹೊಲ, ಬಾವಿ ಎಲ್ಲವೂ ಇದ್ದಲ್ಲೇ ಇದ್ದವು, ಗೆರೆ ಮಾತ್ರ ಸರಿದಿತ್ತು. (2023ರಲ್ಲಿ ಇದೇ ಕೊಡಂಗಲ್ ಕ್ಷೇತ್ರದಿಂದ ಗೆದ್ದ ಎ. ರೇವಂತ ರೆಡ್ಡಿ ತೆಲಂಗಾಣದ ಮುಖ್ಯಮಂತ್ರಿಯಾದರು. ಗೆರೆ ಬೇರೆ ರೀತಿ ಎಳೆದಿದ್ದರೆ ಆ ಕ್ಷೇತ್ರದ ಶಾಸಕರು ವಿಧಾನಸೌಧದ ಮೆಟ್ಟಿಲು ಹತ್ತುತ್ತಿದ್ದರು!)

ಗೆರೆಯ ಪರಿಣಾಮ ಗಡಿಯ ಹಳ್ಳಿಗಳಿಗಷ್ಟೇ ಸೀಮಿತವಾಗಲಿಲ್ಲ. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ, ಕೋರ್ಟು ಕಚೇರಿಯ ಕೆಲಸಕ್ಕೆ ಎಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಂದ ಹೈದರಾಬಾದಿಗೆ ಬಂದು ನೆಲೆಸಿದ್ದವರು ಅಲ್ಲಿಯವರೆಗೆ ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ವಾಸವಾಗಿದ್ದರು. ಕನ್ನಡ, ತೆಲುಗು, ಮರಾಠಿ ಮೂರೂ ಭಾಷೆಯವರಿದ್ದ ಆ ರಾಜ್ಯ ಮೂರು ಪಾಲಾಯಿತು. ಬೆಂಗಳೂರು, ಧಾರವಾಡ, ಮಂಗಳೂರಿನ ಕನ್ನಡಿಗರಿಗೆ 1956ರ ನವೆಂಬರ್ 1 ಒಂದಾದ ದಿನ. ಹೈದರಾಬಾದಿನ ಕನ್ನಡಿಗರಿಗೆ ಅದೇ ದಿನ ಭಾಷಾ ಅಲ್ಪಸಂಖ್ಯಾತರಾದ ದಿನ. ಹೊರನಾಡಿನ ರಾಜ್ಯೋತ್ಸವ ವೇದಿಕೆಗಳಲ್ಲಿ ಭುವನೇಶ್ವರಿಯ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಮಕ್ಕಳ ನೃತ್ಯ ನಡೆಯುತ್ತದೆ, ಸಾಧಕರಿಗೆ ಶಾಲು ಹೊದಿಸಲಾಗುತ್ತದೆ. ಈ ಎರಡನೆಯ ಸಂಗತಿಯನ್ನು ನೆನೆಯುವವರು ಕಡಿಮೆ.

ಗೆರೆ ಸರಿದ ದಿನವೇ ದೇಶದ ಸಂವಿಧಾನಕ್ಕೆ ಏಳನೇ ತಿದ್ದುಪಡಿಯೂ ಜಾರಿಗೆ ಬಂತು. ಹೊಸ ಗಡಿಗಳ ತಪ್ಪಾದ ಬದಿಯಲ್ಲಿ ಉಳಿದುಹೋಗುವ ಭಾಷಿಕರ ಗತಿ ಏನು ಎಂಬ ಪ್ರಶ್ನೆಗೆ ಉತ್ತರವಾಗಿ 350(ಎ) ಮತ್ತು 350(ಬಿ) ಎಂಬ ಎರಡು ಹೊಸ ವಿಧಿಗಳು ಸೇರಿದವು. ಕಳೆದುಕೊಂಡದ್ದೂ ಪಡೆದದ್ದೂ ಒಂದೇ ದಿನ. ಕಳೆದುಕೊಂಡದ್ದು ಕಣ್ಣಿಗೆ ಕಂಡಿತು. ಪಡೆದದ್ದು ಪುಸ್ತಕದಲ್ಲಿ ಉಳಿಯಿತು.

ಫರ್ಮಾನಿನಿಂದ ಸಂವಿಧಾನಕ್ಕೆ

ಹೈದರಾಬಾದಿನ ಕನ್ನಡಿಗರು ಸಂವಿಧಾನದ ಕಡೆಗೆ ನಡೆದ ದಾರಿ ಮೈಸೂರಿನವರ ದಾರಿಯಂತಿರಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಎಸ್. ನಿಜಲಿಂಗಪ್ಪ, ಕೆ. ಹನುಮಂತಯ್ಯ ಮುಂತಾದ ಕನ್ನಡಿಗರು ಕುಳಿತಿದ್ದರು. ಸಭೆಯ ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಕರಾವಳಿಯವರು. ಆದರೆ ಹೈದರಾಬಾದ್ ಸಂಸ್ಥಾನದ ಪರವಾಗಿ ಆ ಸಭೆಯಲ್ಲಿ ಯಾರೂ ಇರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದೊಳಕ್ಕೆ ಬಂದ ಮೇಲೂ ಆ ಸ್ಥಾನಗಳು ತುಂಬಲಿಲ್ಲ. 1949ರ ನವೆಂಬರ್‌ನಲ್ಲಿ ನಿಜಾಮರು ಹೊರಡಿಸಿದ ಒಂದು ಫರ್ಮಾನಿನ ಮೂಲಕ ಸಂವಿಧಾನ ಇಲ್ಲಿಗೆ ಅನ್ವಯವಾಯಿತು. ದೊರೆಯ ಅಪ್ಪಣೆಯಿಂದಲೇ ಜನ ಪ್ರಜೆಗಳಾಗಿ ಬದಲಾದದ್ದು ಚರಿತ್ರೆಯ ಒಂದು ವಿಚಿತ್ರ.

ಆ ಬದಲಾವಣೆ ಆಳಿದವರನ್ನೂ ಬಿಡಲಿಲ್ಲ. ಮೆಹದಿಪಟ್ಟಣಂಗೆ ಯಾರ ಹೆಸರಿದೆಯೋ ಆ ಮೆಹದಿ ನವಾಜ್ ಜಂಗ್ ಅವರು ನಿಜಾಮರ ಆಡಳಿತದಲ್ಲಿ ಹಿರಿಯ ಅಧಿಕಾರಿಯಾಗಿದ್ದವರು. 1960ರಲ್ಲಿ ಇದೇ ಸಂವಿಧಾನದ ಅಡಿಯಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು. ಸಂಸ್ಥಾನದ ವಿಮೋಚನಾ ಹೋರಾಟದ ನಾಯಕ ಸ್ವಾಮಿ ರಮಾನಂದ ತೀರ್ಥರು 1952ರ ಮೊದಲ ಮಹಾಚುನಾವಣೆಯಲ್ಲಿ ಗುಲಬರ್ಗಾದಿಂದಲೇ ಲೋಕಸಭೆಗೆ ಆಯ್ಕೆಯಾದರು. ಜಾತಿ, ಆಸ್ತಿ, ಓದು ಯಾವುದನ್ನೂ ಕೇಳದೆ ವಯಸ್ಸೊಂದನ್ನೇ ನೋಡಿ ಮತ ಕೊಡಿಸಿದ ಚುನಾವಣೆ ಅದು.

ಕನ್ನಡ ಈ ನಗರಕ್ಕೆ ಹೊಸದಾಗಿಯೂ ಇರಲಿಲ್ಲ. 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಹೈದರಾಬಾದಿನಲ್ಲೇ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಿ.ಕೆ. ಭೀಮಸೇನರಾಯರು ಕನ್ನಡ ಪಾಠ ಹೇಳಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆಯ ಹೆಸರು ಕೇಳದ ಹಳೆಯ ಹೈದರಾಬಾದಿ ಕನ್ನಡಿಗರಿಲ್ಲ. 1956ರ ನಂತರ ಇವೆಲ್ಲ ಸಂವಿಧಾನದ ಕಣ್ಣಿನಲ್ಲಿ ಬೇರೆಯೇ ಅರ್ಥ ಪಡೆದವು.

ಅರ್ಜಿ ಹಾಕಿದರೆ ಮಾತ್ರ

350(ಎ) ವಿಧಿ ಹೇಳುವುದು ಇಷ್ಟು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಅಲ್ಲಿನ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. ಎಷ್ಟು ಮಕ್ಕಳಿದ್ದರೆ ಎಂಬ ಲೆಕ್ಕ ಇದಕ್ಕೂ ಹಿಂದಿನದು. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತ್ತು. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯಲ್ಲಿ ಪಾಠ ಹೇಳಲು ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು ಎಂಬುದು ಆ ಸೂತ್ರ. ಹತ್ತು ಮಕ್ಕಳು ದೊಡ್ಡ ಸಂಖ್ಯೆಯಲ್ಲ. ಆದರೆ ಮೆಹದಿಪಟ್ಟಣಂ, ಗುಡಿಮಲ್ಕಾಪುರ, ಅತ್ತಾಪುರ, ಟೋಲಿಚೌಕಿ ಎಂದು ಚದುರಿದ ಕುಟುಂಬಗಳ ಹತ್ತು ಮಕ್ಕಳು ಹತ್ತು ಶಾಲೆಗಳಲ್ಲಿ, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ ಇದ್ದಾಗ ಸೂತ್ರ ಯಾರ ಕೆಲಸಕ್ಕೂ ಬರುವುದಿಲ್ಲ. ಇದರಲ್ಲಿ ಸರ್ಕಾರದ ಪಾಲೆಷ್ಟು, ತಂದೆ ತಾಯಿಯರ ಪಾಲೆಷ್ಟು ಎಂದು ಸಂಘದ ಸದಸ್ಯರು ತಾವೇ ತೂಗಿ ನೋಡಬಹುದು.

350(ಬಿ) ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರನ್ನು ರಾಷ್ಟ್ರಪತಿಗಳು ನೇಮಿಸಬೇಕು. ಆ ಕಚೇರಿ 1957ರಲ್ಲಿ ಆರಂಭವಾಯಿತು. ದೂರುಗಳನ್ನು ಪರಿಶೀಲಿಸಿ ವರದಿ ಕೊಡುವುದು ಅದರ ಕೆಲಸ, ಆ ವರದಿ ಸಂಸತ್ತಿನ ಮುಂದೆ ಹೋಗುತ್ತದೆ. ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ, ನಿಜ. ಆದರೂ ದೂರೇ ಹೋಗದಿದ್ದರೆ ಆ ಭಾಷೆಯವರಿಗೆ ಆ ರಾಜ್ಯದಲ್ಲಿ ಯಾವ ತೊಂದರೆಯೂ ಇಲ್ಲ ಎಂದೇ ಕಡತ ಹೇಳುತ್ತದೆ.

350ನೇ ವಿಧಿ ಇನ್ನೂ ಸರಳ. ಕುಂದುಕೊರತೆಯ ಮನವಿಯನ್ನು ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಭಾಷೆ ತಿಳಿಯದು ಎಂಬ ಕಾರಣಕ್ಕೆ ಅರ್ಜಿಯನ್ನು ಹಿಂದಕ್ಕೆ ತಳ್ಳಬಾರದು ಎಂಬುದೇ ಇದರ ಆಶಯ. ಈ ಹಕ್ಕನ್ನು ಚಲಾಯಿಸಲು ವಕೀಲರೂ ಬೇಡ, ಶುಲ್ಕವೂ ಬೇಡ.

ಇನ್ನು 29 ಮತ್ತು 30ನೇ ವಿಧಿಗಳು. ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕು ಒಂದು. ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ನಡೆಸುವ ಹಕ್ಕು ಇನ್ನೊಂದು. ಯಾರು ಅಲ್ಪಸಂಖ್ಯಾತರು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಕೊಡಿಸಿದ್ದು ಮಣಿಪಾಲದ ಒಂದು ಹೆಸರು. ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಹಿಂದಿನ ದಿನ, ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತರೆಂಬುದನ್ನು ಇಡೀ ದೇಶದ ಲೆಕ್ಕದಲ್ಲಿ ಅಲ್ಲ, ಆಯಾ ರಾಜ್ಯದ ಲೆಕ್ಕದಲ್ಲಿ ನಿರ್ಧರಿಸಬೇಕು ಎಂದಿತು. 2011ರ ಜನಗಣತಿಯಲ್ಲಿ ದೇಶದಲ್ಲಿ ಕನ್ನಡ ನುಡಿದವರು 4.37 ಕೋಟಿ. ಆ 4.37 ಕೋಟಿಯ ಬಲ ಹೈದರಾಬಾದಿನಲ್ಲಿ ಎಣಿಕೆಗೆ ಬರುವುದಿಲ್ಲ. ಇಲ್ಲಿ ಕನ್ನಡ ಶಾಲೆ ನಡೆಸುವವರಿಗೆ ಸಂವಿಧಾನದ ರಕ್ಷಣೆ ಸಿಗುವುದೂ ಅದೇ ಕಾರಣಕ್ಕೆ.

ಮೇಲ್ಸೇತುವೆಯ ಹೆಸರಿನ ಹಿಂದೆ

ಶಾಲೆಯ ಮಾತು ಇಷ್ಟಾದರೆ, ಸೀಟು ಮತ್ತು ನೌಕರಿಯ ಮಾತು ಇನ್ನೂ ಜಟಿಲ. ಅದರ ಬೇರು ತಿಳಿಯಬೇಕಾದರೆ ಮೆಹದಿಪಟ್ಟಣಂನಿಂದ ಆರಾಂಘರ್‌ವರೆಗೆ ಹನ್ನೊಂದೂವರೆ ಕಿಲೋಮೀಟರಿಗೂ ಉದ್ದ ಚಾಚಿರುವ, 2009ರ ಅಕ್ಟೋಬರ್‌ನಲ್ಲಿ ತೆರೆದ ಮೇಲ್ಸೇತುವೆಯ ಹೆಸರನ್ನು ನೋಡಬೇಕು. ಪಿ.ವಿ. ನರಸಿಂಹರಾವ್ ಎಂದರೆ ಓದುಗರಿಗೆ 1991ರ ಪ್ರಧಾನಿ ನೆನಪಾಗುತ್ತಾರೆ. ಅದಕ್ಕೂ ಮೊದಲು ಅವರು ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದರು. 1973ರ ಜನವರಿಯಲ್ಲಿ ಅವರ ಕುರ್ಚಿ ಹೋದದ್ದು ಒಂದೇ ಒಂದು ಪದದಿಂದ: ಮುಲ್ಕಿ.

ಮುಲ್ಕಿ ಎಂದರೆ ಈ ನಾಡಿನವನು. ನಿಜಾಮರ ಕಾಲದ 1919ರ ನಿಯಮದಂತೆ ಹದಿನೈದು ವರ್ಷ ಸಂಸ್ಥಾನದಲ್ಲಿ ವಾಸವಿದ್ದವರಿಗೆ ಮಾತ್ರ ಸರ್ಕಾರಿ ನೌಕರಿ. ಬೀದರದ, ರಾಯಚೂರಿನ ಕನ್ನಡಿಗ ಆಗ ಅಪ್ಪಟ ಮುಲ್ಕಿ. 1952ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಹೊರಗಿನವರು ಹೋಗಲಿ ಎಂಬ ಕೂಗೆದ್ದು ಪೊಲೀಸ್ ಗೋಲಿಬಾರ್ ನಡೆದಾಗ ಆ ಕೂಗು ಅವನ ವಿರುದ್ಧ ಇರಲಿಲ್ಲ. ನಾಲ್ಕು ವರ್ಷ ಕಳೆದು ಗೆರೆ ಸರಿಯಿತು. ನಿಯಮ ತೆಲಂಗಾಣಕ್ಕೆ ಉಳಿಯಿತು, ಆದರೆ ಗುಲಬರ್ಗಾದಲ್ಲಿ ಕಳೆದ ವರ್ಷಗಳು ಲೆಕ್ಕದಿಂದ ಬಿದ್ದುಹೋದವು. ಹೊರಗಿನವರ ಪಟ್ಟಿಗೆ ಅವನೂ ಸೇರಿದ, ಒಂದು ಹೆಜ್ಜೆಯನ್ನೂ ಕದಲದೆ.

ಸಂವಿಧಾನ ಈ ಬಗ್ಗೆ ಏನನ್ನುತ್ತದೆ? 16(2)ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಊರು, ವಾಸದ ಊರು ಎಂದು ಭೇದ ಮಾಡಬಾರದು ಎನ್ನುತ್ತದೆ. ಅದರ ಮುಂದಿನ ಉಪವಿಧಿಯೇ ವಾಸದ ಷರತ್ತು ವಿಧಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ. ಆ ಅಧಿಕಾರದಲ್ಲಿ ಸಂಸತ್ತು 1957ರಲ್ಲಿ ಮಾಡಿದ ಕಾನೂನಿನ ತೆಲಂಗಾಣಕ್ಕೆ ಸಂಬಂಧಿಸಿದ ಭಾಗವನ್ನು ಸುಪ್ರೀಂ ಕೋರ್ಟು 1969ರಲ್ಲಿ ರದ್ದು ಮಾಡಿತು. ಹಳೆಯ ಮುಲ್ಕಿ ನಿಯಮವನ್ನು 1972ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ಊರ್ಜಿತ ಎಂದಿತು. ತೀರ್ಪನ್ನು ಸ್ವಾಗತಿಸಿದ ಪಿ.ವಿ. ವಿರುದ್ಧ ಕರಾವಳಿ ಆಂಧ್ರದಲ್ಲಿ ಜೈ ಆಂಧ್ರ ಚಳವಳಿ ಎದ್ದಿತು. ರಾಜೀನಾಮೆ, ರಾಷ್ಟ್ರಪತಿ ಆಳ್ವಿಕೆ, 1973ರ ಸೆಪ್ಟೆಂಬರ್‌ನ ಆರು ಅಂಶಗಳ ಸೂತ್ರ, ಕೊನೆಗೆ 32ನೇ ತಿದ್ದುಪಡಿಯ ಮೂಲಕ 371(ಡಿ) ವಿಧಿ. ಹದಿನೈದು ವರ್ಷದ ವಾಸ ಹೋಗಿ, ಎಲ್ಲಿ ಓದಿದಿರಿ ಎಂಬ ಪ್ರಶ್ನೆ ಬಂತು. ಅಂದಿನಿಂದ ಹೈದರಾಬಾದಿನ ಮಗುವಿನ ನಾಡು ಯಾವುದೆಂದು ಹೇಳುವುದು ಶಾಲೆಯ ಹಾಜರಿ ಪುಸ್ತಕ.

ಮೂರು ಪಾಲಾದ ನಿಜಾಮರ ರಾಜ್ಯದ ಮೂರೂ ತುಂಡುಗಳು ಇಂದು 371ರ ಯಾವುದಾದರೊಂದು ಕವಲಿನಡಿ ಇವೆ. ಮರಾಠವಾಡಕ್ಕೆ 371(2). ತೆಲಂಗಾಣಕ್ಕೆ, ಆಂಧ್ರಕ್ಕೆ 371(ಡಿ). ಬೀದರ, ಕಲಬುರಗಿ, ರಾಯಚೂರು ಸೇರಿದ ಕಲ್ಯಾಣ ಕರ್ನಾಟಕಕ್ಕೆ 98ನೇ ತಿದ್ದುಪಡಿಯ ಮೂಲಕ 2013ರ ಅಕ್ಟೋಬರ್‌ನಲ್ಲಿ ಜಾರಿಯಾದ 371(ಜೆ). ಇಲ್ಲಿನ ಕನ್ನಡ ಕುಟುಂಬಗಳು ನಿಂತಿರುವುದು ಡಿ ಮತ್ತು ಜೆ ಅಕ್ಷರಗಳ ನಡುವಿನ ಸಂದಿನಲ್ಲಿ.

ಎರಡು ವರ್ಷದ ಲೆಕ್ಕ

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆ ಕಲಬುರಗಿ ಕಡೆಯವರು, ಇಪ್ಪತ್ತು ವರ್ಷದಿಂದ ಮೆಹದಿಪಟ್ಟಣಂನಲ್ಲಿ ವಾಸ. ಸ್ವಂತ ಫ್ಲಾಟು, ಇಲ್ಲಿನದೇ ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ. ಮಗಳು ಹುಟ್ಟಿದ್ದು ಇಲ್ಲಿ, ಹತ್ತನೇ ತರಗತಿ ಮುಗಿಸಿದ್ದು ಇಲ್ಲಿ. ಡಾಕ್ಟರಾಗುವ ಆಸೆ. ಪಿಯುಸಿಗೆ ಕರ್ನಾಟಕದ ಒಳ್ಳೆಯ ವಸತಿ ಕಾಲೇಜಿಗೆ ಸೇರಿಸಿ, ಅಜ್ಜಿ ಮನೆಯೂ ಹತ್ತಿರ ಎಂದು ನೆಂಟರು ಸಲಹೆ ಕೊಡುತ್ತಾರೆ. ಹುಡುಗಿ ಎರಡು ವರ್ಷ ಅಲ್ಲಿ ಓದಿ, ನೀಟ್ ಬರೆದು ಹೈದರಾಬಾದಿಗೆ ಮರಳುತ್ತಾಳೆ.

ತೆಲಂಗಾಣದ ವೈದ್ಯಕೀಯ ಪ್ರವೇಶ ನಿಯಮವನ್ನು 2024ರಲ್ಲಿ ತಿದ್ದಲಾಯಿತು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಸತತ ನಾಲ್ಕು ವರ್ಷ ರಾಜ್ಯದಲ್ಲೇ ಓದಿದವರು ಮಾತ್ರ ಸ್ಥಳೀಯರು ಎಂಬುದು ಅದರ ಸಾರ. ಇಲ್ಲಿನ ಕಾಯಂ ನಿವಾಸಿಗಳಿಗೆ ಇದು ಅನ್ವಯಿಸಬಾರದು ಎಂದು ರಾಜ್ಯದ ಹೈಕೋರ್ಟು ಹೇಳಿತ್ತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ ನಿಯಮವನ್ನು ಎತ್ತಿಹಿಡಿಯಿತು. ವರ್ಗಾವಣೆಯ ಸರ್ಕಾರಿ ನೌಕರಿ, ಸೈನ್ಯ ಮುಂತಾದ ಕೆಲವು ವರ್ಗದವರ ಮಕ್ಕಳಿಗೆ ಮಾತ್ರ ವಿನಾಯಿತಿ ಉಳಿಯಿತು. ಊಹೆಯ ಆ ಹುಡುಗಿ ಆ ವರ್ಗದಲ್ಲಿಲ್ಲ. ಹದಿನೇಳು ವರ್ಷದಲ್ಲಿ ಹದಿನೈದು ವರ್ಷ ಮೆಹದಿಪಟ್ಟಣಂನಲ್ಲಿ ಕಳೆದವಳು ತೆಲಂಗಾಣದಲ್ಲಿ ಸ್ಥಳೀಯಳಲ್ಲ.

ಇದು ಸಮಾನತೆಗೆ ವಿರುದ್ಧ ಅಲ್ಲವೇ ಎಂದು ಕೇಳುವವರಿದ್ದಾರೆ. 15ನೇ ವಿಧಿ ಹುಟ್ಟಿದ ಸ್ಥಳದ ಆಧಾರದಲ್ಲಿ ಭೇದ ಬೇಡ ಎನ್ನುತ್ತದೆ. ವಾಸದ ಸ್ಥಳ ಎಂಬ ಮಾತು ಅದರಲ್ಲಿಲ್ಲ. 1955ರಲ್ಲಿ ಮಧ್ಯಭಾರತದ ವೈದ್ಯಕೀಯ ಕಾಲೇಜಿನ ಶುಲ್ಕದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಗುರುತಿಸಿತು. ಹಾಗೆಂದು ಬಾಗಿಲು ಎಲ್ಲ ಕಡೆ ಮುಚ್ಚಿಲ್ಲ. ವೈದ್ಯಕೀಯ ಸ್ನಾತಕೋತ್ತರ ಸೀಟುಗಳಲ್ಲಿ ವಾಸದ ಆಧಾರದ ಮೀಸಲಾತಿ ಸಂವಿಧಾನಬಾಹಿರ ಎಂದು ಅದೇ ಕೋರ್ಟು 2025ರ ಜನವರಿ 29ರಂದು ಹೇಳಿತು. ಎಂಬಿಬಿಎಸ್‌ಗೆ ಒಂದು ನ್ಯಾಯ, ಎಂಡಿಗೆ ಇನ್ನೊಂದು. ಕೇಳಲು ವಿಚಿತ್ರ. ಅರ್ಜಿ ತುಂಬುವವರು ಎರಡನ್ನೂ ತಿಳಿದಿರಬೇಕು.

ಕರ್ನಾಟಕದಲ್ಲಿ ಅವಳ ಸ್ಥಿತಿ ಏನು? ಅಲ್ಲಿನ ಪರೀಕ್ಷಾ ಪ್ರಾಧಿಕಾರ ಸಾಮಾನ್ಯವಾಗಿ ಕೇಳುವುದು ರಾಜ್ಯದಲ್ಲಿ ಏಳು ವರ್ಷದ ಓದನ್ನು. ಅದಿಲ್ಲದಿದ್ದರೆ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಎರಡು ವರ್ಷದ ಪಿಯುಸಿಯನ್ನು ಅಲ್ಲೇ ಮುಗಿಸಿದ್ದರೆ ಅದಕ್ಕೂ ಒಂದು ಅವಕಾಶ ಇದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಷರತ್ತುಗಳೂ ಇವೆ. ಆ ದಾರಿಯಲ್ಲಿ ಹೋಗುವವರು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ದೊಡ್ಡ ಪಾಂಡಿತ್ಯವನ್ನೇನೂ ಕೇಳುವುದಿಲ್ಲ, ಆದರೆ ಕನ್ನಡ ಓದಲು ಬರೆಯಲು ಬರಬೇಕು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಸಂಘಗಳು ಭಾನುವಾರ ನಡೆಸುವ ಕನ್ನಡ ತರಗತಿಯನ್ನು ಕೇವಲ ಭಾಷಾಭಿಮಾನದ ಕಾರ್ಯಕ್ರಮ ಎಂದುಕೊಂಡವರು ಈ ಒಂದು ಷರತ್ತನ್ನು ಗಮನಿಸಿದರೆ ಸಾಕು. 371(ಜೆ) ಸೌಲಭ್ಯ ಹುಟ್ಟಿನಿಂದ ಅಥವಾ ವಾಸದಿಂದ ಆ ಭಾಗಕ್ಕೆ ಸೇರಿದವರಿಗೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದು ತಾನಾಗಿ ಬರುವುದಿಲ್ಲ. ತಂದೆ ತಾಯಿಯ ದಾಖಲೆಗಳನ್ನು ಹಿಡಿದು ಆಯಾ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಷರತ್ತುಗಳನ್ನು ಪ್ರತಿವರ್ಷ ಹೊರಬರುವ ಕೈಪಿಡಿಯಲ್ಲಿ ನೋಡಿಯೇ ಹಣ ಕಟ್ಟಬೇಕು. ಹಳೆಯ ವರ್ಷದ ಕೈಪಿಡಿಯನ್ನು ನಂಬಬಾರದು.

ನೌಕರಿಯ ಲೆಕ್ಕ ಇದಕ್ಕಿಂತ ಚಿಕ್ಕ ವಯಸ್ಸಿಗೇ ಇಳಿಯುತ್ತದೆ. 2018ರ ರಾಷ್ಟ್ರಪತಿ ಆದೇಶದಂತೆ ತೆಲಂಗಾಣದ ಸರ್ಕಾರಿ ಹುದ್ದೆಗಳಲ್ಲಿ ಶೇ. 95ರಷ್ಟು ಸ್ಥಳೀಯರಿಗೆ. ಯಾರು ಸ್ಥಳೀಯರು ಎಂಬುದಕ್ಕೆ ನೋಡುವುದು ಒಂದರಿಂದ ಏಳನೇ ತರಗತಿಯವರೆಗಿನ ಓದನ್ನು. ಅಜ್ಜ ಅಜ್ಜಿಯ ಜೊತೆ ಇರಲಿ ಎಂದು ಮಗುವನ್ನು ಪ್ರಾಥಮಿಕ ಶಾಲೆಗೆ ಊರಿನಲ್ಲಿ ಬಿಟ್ಟವರು ಹದಿನೈದು ವರ್ಷದ ನಂತರ ಆ ಕಾಗದವನ್ನು ಹುಡುಕುತ್ತಾರೆ. ಮುಚ್ಚಿಹೋದ ಶಾಲೆಯ ಅಧ್ಯಯನ ಪ್ರಮಾಣಪತ್ರ ತರುವುದು ಎಷ್ಟು ಕಷ್ಟ ಎಂಬುದು ಅಲೆದವರಿಗೇ ಗೊತ್ತು. ಪ್ರತಿ ಶಾಲೆ ಬದಲಿಸುವಾಗಲೂ ವರ್ಷವಾರು ಪ್ರಮಾಣಪತ್ರವನ್ನು ಸಹಿ ಮೊಹರಿನೊಂದಿಗೆ ಪಡೆದು ಎತ್ತಿಡುವುದು ಚಿನ್ನ ಎತ್ತಿಡುವಷ್ಟೇ ಮುಖ್ಯ.

ಪಟ್ಟಿಯಲ್ಲಿಲ್ಲದ ಕರ್ತವ್ಯ

ಹಕ್ಕಿನ ಮಾತು ಬಂದಾಗ ಕರ್ತವ್ಯದ ಮಾತೂ ಬರಬೇಕು. ಸಂವಿಧಾನ ಜಾರಿಯಾದಾಗ ಮೂಲಭೂತ ಕರ್ತವ್ಯಗಳ ಪಟ್ಟಿಯೇ ಇರಲಿಲ್ಲ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಸ್ವರಣ್ ಸಿಂಗ್ ಸಮಿತಿಯ ಶಿಫಾರಸಿನ ಮೇಲೆ 42ನೇ ತಿದ್ದುಪಡಿ 51(ಎ) ವಿಧಿಯನ್ನು ಸೇರಿಸಿತು. ಹಕ್ಕುಗಳು ಅಮಾನತಿನಲ್ಲಿದ್ದಾಗ ಕರ್ತವ್ಯಗಳನ್ನು ಕಲಿಸಿದ್ದು ಎಂದು ಟೀಕಿಸಿದವರಿಗೆ ಉತ್ತರ ಕೊಡುವುದು ಸುಲಭವಲ್ಲ. ಮೊದಲು ಹತ್ತಿದ್ದ ಕರ್ತವ್ಯಗಳು 2002ರಲ್ಲಿ ಹನ್ನೊಂದಾದವು. ಧ್ವಜಕ್ಕೆ ಗೌರವ, ದೇಶದ ಮಿಶ್ರ ಸಂಸ್ಕೃತಿಯ ಪರಂಪರೆಯ ರಕ್ಷಣೆ, ಕೆರೆ ಕಾಡುಗಳ ಕಾಳಜಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಓದಿಸುವುದು ಎಲ್ಲ ಇವೆ. ಮತದಾನ ಮಾತ್ರ ಇಲ್ಲ.

ಇಲ್ಲದಿರುವುದಕ್ಕೋ ಏನೋ, ಈ ನಗರಕ್ಕೆ ಮತದಾನದಲ್ಲಿ ಒಳ್ಳೆಯ ಹೆಸರಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಹೈದರಾಬಾದ್, ಸಿಕಂದರಾಬಾದ್ ಎರಡೂ ಕ್ಷೇತ್ರಗಳಲ್ಲಿ ಮತಗಟ್ಟೆಗೆ ಬಂದವರು ಅರ್ಧಕ್ಕಿಂತ ಕಡಿಮೆ. ಹೊರನಾಡ ಕನ್ನಡಿಗರಲ್ಲಿ ಇನ್ನೊಂದು ಅಭ್ಯಾಸವೂ ಇದೆ: ಹೆಸರು ಊರಿನ ಪಟ್ಟಿಯಲ್ಲಿ, ವಾಸ ಇಲ್ಲಿ. ಊರಿನಲ್ಲಿ ಮತ ಹಾಕಲು ರಜೆ ಸಿಗುವುದಿಲ್ಲ, ಇಲ್ಲಿ ಹೆಸರಿಲ್ಲ. ಕಾನೂನು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸ ಎಂಬುದನ್ನು. ಒಂದೇ ಕಾಲಕ್ಕೆ ಎರಡು ಕಡೆ ಹೆಸರಿರುವಂತಿಲ್ಲ. ಹೊಸದಾಗಿ ಸೇರುವವರಿಗೆ ನಮೂನೆ 6, ವಿಳಾಸ ಬದಲಿಸುವವರಿಗೆ ನಮೂನೆ 8. ವಾರ್ಡಿನ ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು ಮನವಿ ಕೊಡಲು ಹೋದ ನಿಯೋಗದಲ್ಲಿ ಆ ವಾರ್ಡಿನ ಒಬ್ಬ ಮತದಾರರೂ ಇಲ್ಲದಿದ್ದರೆ ಆ ಮನವಿಗೆ ಎಷ್ಟು ಬೆಲೆ ಸಿಕ್ಕೀತು?

ಭಾಷೆಯ ವಿಷಯದಲ್ಲೂ ಹೀಗೇ. 2018ರ ತೆಲಂಗಾಣ ಕಾನೂನು ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿತು. ಅದನ್ನು ಕನ್ನಡದ ವಿರುದ್ಧ ಎಂದು ಓದಬೇಕಾಗಿಲ್ಲ. ಕರ್ನಾಟಕದಲ್ಲಿ ಕನ್ನಡ ಕಲಿಯಿರಿ ಎಂದು ಹೊರಗಿನಿಂದ ಬಂದವರಿಗೆ ಹೇಳುವವರು ಇಲ್ಲಿ ತೆಲುಗು ಕಲಿಯಲು ಹಿಂಜರಿದರೆ ಮಾತಿಗೂ ನಡತೆಗೂ ತಾಳೆಯಾಗದು. ಎರಡೂ ಲಿಪಿಗಳ ಮೂಲ ಒಂದೇ. ಕನ್ನಡ ಅಕ್ಷರ ಬಲ್ಲ ಮಗುವಿಗೆ ತೆಲುಗು ಅಂಗಡಿ ಫಲಕ ಓದಲು ಒಂದು ವಾರ ಸಾಕು. ತೊಂದರೆ ಇರುವುದು ವೇಳಾಪಟ್ಟಿಯಲ್ಲಿ. ತೆಲುಗು, ಇಂಗ್ಲಿಷ್, ಹಿಂದಿ ಆದ ಮೇಲೆ ಕನ್ನಡಕ್ಕೆ ಶಾಲೆಯಲ್ಲಿ ಜಾಗ ಉಳಿಯುವುದಿಲ್ಲ. 350(ಎ) ಹೆಸರೆತ್ತಿ ಕೇಳಬೇಕಾದದ್ದು ತೆಲುಗನ್ನು ತೆಗೆಯಿರಿ ಎಂದಲ್ಲ, ಕನ್ನಡಕ್ಕೂ ಒಂದು ಪೀರಿಯಡ್ ಕೊಡಿ ಎಂದು.

ಎಣಿಕೆಗೆ ಬರುವವರು

ಕೇಳಲು ಸಂಖ್ಯೆ ಬೇಕು. ಸಂಖ್ಯೆ ಹುಟ್ಟುವುದು ಜನಗಣತಿಯಲ್ಲಿ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೋನಾದಿಂದ ಮುಂದೆ ಹೋಯಿತು. 2025ರ ಜೂನ್ 16ರ ಅಧಿಸೂಚನೆ 2027ರ ಮಾರ್ಚ್ 1ನ್ನು ದೇಶದ ಬಹುಭಾಗಕ್ಕೆ ಆಧಾರ ದಿನವೆಂದು ಗೊತ್ತುಮಾಡಿತು. ಹದಿನಾರು ವರ್ಷಗಳ ನಂತರದ ಲೆಕ್ಕ ಅದು. ನಡುವೆ ರಾಜ್ಯವೇ ಒಡೆದು 2014ರಲ್ಲಿ ತೆಲಂಗಾಣ ಹುಟ್ಟಿದೆ. ತೆಲಂಗಾಣ ರಾಜ್ಯವಾದ ಮೇಲೆ ಇಲ್ಲಿನ ಕನ್ನಡಿಗರನ್ನು ಎಣಿಸುವ ಮೊದಲ ಜನಗಣತಿಯೂ ಅದೇ.

ಮಾತೃಭಾಷೆಯ ಕಲಮನ್ನು ಗಣತಿದಾರರು ಮನೆಯ ವಿಳಾಸ ನೋಡಿ ಊಹಿಸಿ ತುಂಬುವಂತಿಲ್ಲ, ಮನೆಯವರು ಹೇಳಿದ್ದನ್ನೇ ಬರೆಯಬೇಕು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯೆ. ಶಾಲೆಯ ಮಾಧ್ಯಮಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ, ಗೆಳೆಯರೊಡನೆ ದಖ್ಖನಿ ಹಿಂದಿ ಆಡುವ ಮಗುವಿನ ಹೆಸರಿನ ಮುಂದೆಯೂ ಕನ್ನಡ ಎಂದು ಬರೆಸಲು ಅಡ್ಡಿಯಿಲ್ಲ. ಪ್ರತಿಯೊಬ್ಬರ ಉತ್ತರ ಪ್ರತ್ಯೇಕ. ಗಂಡನದು ಕನ್ನಡ, ಹೆಂಡತಿಯದು ತೆಲುಗು ಅಥವಾ ಮರಾಠಿ ಇರುವ ಮನೆಗಳು ಇಲ್ಲಿ ಕಡಿಮೆಯೇನಲ್ಲ.

2011ರ ನಮೂನೆಯಲ್ಲಿ ಮಾತೃಭಾಷೆಯ ಜೊತೆಗೆ, ಬಲ್ಲ ಇತರ ಭಾಷೆಗಳನ್ನು ಬರೆಸಲು ಎರಡು ಜಾಗವಿತ್ತು. ಬೆಳಿಗ್ಗೆ ರೈತು ಬಜಾರಿನಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ, ಆಟೋದವನಿಗೆ ಉರ್ದುವಿನಲ್ಲಿ ದಾರಿ ಹೇಳಿ, ಕಚೇರಿಯಲ್ಲಿ ಇಂಗ್ಲಿಷ್ ಆಡಿ, ಸಂಜೆ ಬೀದರದ ಅಕ್ಕನಿಗೆ ಫೋನಿನಲ್ಲಿ ಕನ್ನಡ ಮಾತಾಡುವ ಮೆಹದಿಪಟ್ಟಣಂನವರಿಗೆ ಆ ಎರಡು ಜಾಗ ಸಾಲುವುದಿಲ್ಲ. ಯಾವುದನ್ನು ಬಿಡುವುದು ಎಂದು ಮನೆಯಲ್ಲಿ ಈಗಲೇ ಮಾತಾಡಿಕೊಂಡಿರಬಹುದು. ಮೊದಲನೆಯ ಕಲಮಿಗೆ ಮಾತ್ರ ಚರ್ಚೆ ಬೇಕಾಗಿಲ್ಲ.